ಲೇಝಿ ಜಿಟ್ ಹಲವು ಥ್ರೆಡ್‌ಗಳಲ್ಲಿ ಬೀಳುತ್ತಿದೆ. ಎಲ್ಲವನ್ನೂ ಮೊದಲೇ ಕಂಪೈಲ್ ಮಾಡುವುದೊಂದೇ ದಾರಿಯಾ?

ಸ್ಟಬ್‌ಸಾಲು
ನಮ್ಮದು ಒಂದು ನಿಯಮಗಳ ಎಂಜಿನ್. ಬಳಕೆದಾರರು ಸಣ್ಣ ಭಾಷೆಯೊಂದರಲ್ಲಿ ನಿಯಮ ಬರೆಯುತ್ತಾರೆ. ನಾವು ಅದನ್ನು ಎಕ್ಸ್86-64 ಮೆಷಿನ್ ಕೋಡ್ ಮಾಡಿ ಓಡಿಸುತ್ತೇವೆ. ಜಿಟ್, ಅಂದರೆ ಪ್ರೋಗ್ರಾಂ ಓಡುವಾಗಲೇ ಮೆಷಿನ್ ಕೋಡ್ ಹುಟ್ಟಿಸುವ ಕಂಪೈಲರ್, ಪೂರ್ತಿ ನಾವೇ ಬರೆದದ್ದು. ಓಡುವುದು ಲಿನಕ್ಸ್ ಮೇಲೆ.

ನಿಯಮಗಳು ಸಾವಿರಾರು ಇವೆ, ಆದರೆ ಒಂದು ದಿನದಲ್ಲಿ ನಿಜವಾಗಿ ಓಡುವುದು ಅದರಲ್ಲಿ ಸ್ವಲ್ಪವೇ. ಅದಕ್ಕೆ ಲೇಝಿ ದಾರಿ, ಅಂದರೆ ಬೇಕಾದಾಗ ಮಾತ್ರ ಕಂಪೈಲ್ ಮಾಡುವ ದಾರಿ, ಹಿಡಿದೆವು. ಫಂಕ್ಷನ್‌ನ ಮೊದಲ ಕರೆ ಒಂದು ಸ್ಟಬ್‌ಗೆ (ನಿಜವಾದ ಕೋಡ್ ಬರುವವರೆಗೆ ಅದರ ಜಾಗದಲ್ಲಿರುವ ಸಣ್ಣ ತುಣುಕಿಗೆ) ಹೋಗುತ್ತದೆ. ಸ್ಟಬ್ ಕಂಪೈಲರನ್ನು ಕರೆಯುತ್ತದೆ. ಕೋಡ್ ಸಿದ್ಧವಾದ ಮೇಲೆ ಕರೆದ ಜಾಗಕ್ಕೇ ವಾಪಸ್ ಹೋಗಿ, ಅಲ್ಲಿನ ಕಾಲ್ ಇನ್‌ಸ್ಟ್ರಕ್ಷನ್‌ನಲ್ಲಿ ಹೊಸ ವಿಳಾಸ ತುಂಬುತ್ತೇವೆ. ಮುಂದಿನ ಸಲ ನೇರ ಕರೆ.

ಒಂದು ಥ್ರೆಡ್‌ನಲ್ಲಿ ಏನೂ ತೊಂದರೆ ಇಲ್ಲ. ಥ್ರೆಡ್ ಜಾಸ್ತಿ ಮಾಡಿದರೆ, ಪ್ರೋಗ್ರಾಂ ಶುರುವಾದ ಮೊದಲ ಕೆಲವು ನಿಮಿಷಗಳಲ್ಲಿ ಆಗೊಮ್ಮೆ ಈಗೊಮ್ಮೆ ಕ್ರ್ಯಾಶ್. ಆಮೇಲೆ ದಿನಗಟ್ಟಲೆ ಚೆನ್ನಾಗಿ ಓಡುತ್ತದೆ. ಕಂಪೈಲರ್ ಸುತ್ತ ಮ್ಯೂಟೆಕ್ಸ್ ಇದೆ, ಒಂದು ಹೊತ್ತಿಗೆ ಒಂದೇ ಥ್ರೆಡ್ ಕಂಪೈಲ್ ಮಾಡುತ್ತದೆ. ಆದರೂ ಹೀಗೆ. ಎಲ್ಲವನ್ನೂ ಶುರುವಿನಲ್ಲೇ ಕಂಪೈಲ್ ಮಾಡಿದರೆ ಕ್ರ್ಯಾಶ್ ಇಲ್ಲ, ಆದರೆ ಶುರುವಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಯಾರಾದರೂ ಇದನ್ನು ಎದುರಿಸಿದ್ದೀರಾ?

ಹಳೆಕಂಪೈಲರ್
ಇದು ಹಳೇ ಕಾಯಿಲೆ ಸರ್. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಉಪಕರಣಗಳ ಗುಂಪಿನ ಮೊದಲ ಜಿಟ್‌ನಲ್ಲೂ ಇದೇ ಇತ್ತು. ಕಾಲ್ ಇದ್ದ ಜಾಗವನ್ನು ತಿದ್ದುವಾಗ ಥ್ರೆಡ್‌ಗಳ ನಡುವೆ ರೇಸ್, ಅಂದರೆ ಯಾರು ಮೊದಲು ಮುಟ್ಟುತ್ತಾರೆ ಎಂಬುದರ ಮೇಲೆ ಫಲ ಬದಲಾಗುವ ಪೈಪೋಟಿ. ಅದನ್ನು ತಪ್ಪಿಸಲಿಕ್ಕೆ 2010ರ 2.7 ಆವೃತ್ತಿಯಲ್ಲಿ ಈಗರ್ ಕಂಪೈಲೇಶನ್ನೇ (ಮೊದಲೇ ಕಂಪೈಲ್ ಮಾಡಿಡುವುದನ್ನೇ) ಡೀಫಾಲ್ಟ್ ಮಾಡಿದರು. ಲೇಝಿ ಬೇಕೆಂದವರು ಅದನ್ನು ತಾವೇ ಆನ್ ಮಾಡಿಕೊಳ್ಳಬೇಕಿತ್ತು. ಒಂದು ಲೇಝಿ ಸ್ಟಬ್‌ಗೆ ಒಂದು ಹೊತ್ತಿಗೆ ಒಂದೇ ಥ್ರೆಡ್ ಬರುವಂತೆ ನೋಡಿಕೊಳ್ಳಿ, ಇಲ್ಲವಾದರೆ ಥ್ರೆಡ್ ಇರುವ ಪ್ರೋಗ್ರಾಂನಲ್ಲಿ ಈಗರ್ ಮಾತ್ರ ಬಳಸಿ ಅಂತ ಕೈಪಿಡಿಯಲ್ಲೇ ಸಲಹೆ ಕೊಟ್ಟಿದ್ದರು.

ನನ್ನ ಮಾತೂ ಅದೇ. ಥ್ರೆಡ್ ಇದ್ದರೆ ಈಗರ್. ವಿಷಯ ಮುಗಿಯಿತು.

ಬೈಟ್‌ಲೆಕ್ಕ
ಮುಗಿಯಲಿಲ್ಲ. ಲೇಝಿ ಎನ್ನುವುದು ಇಲ್ಲಿ ತಪ್ಪಿತಸ್ಥ ಅಲ್ಲವೇ ಅಲ್ಲ.

ಸ್ಟಬ್‌ಸಾಲು ಅವರೇ, ನಿಮ್ಮ ಮ್ಯೂಟೆಕ್ಸ್ ಕಾಯುತ್ತಿರುವುದು ಕಂಪೈಲರನ್ನು. ಆದರೆ ಆ ಕಾಲ್ ಇನ್‌ಸ್ಟ್ರಕ್ಷನನ್ನು ಅದೇ ಹೊತ್ತಿಗೆ ಓಡಿಸುತ್ತಿರುವ ಇನ್ನೊಂದು ಥ್ರೆಡ್ ಯಾವ ಲಾಕನ್ನೂ ಹಿಡಿಯುವುದಿಲ್ಲ. ಅದರ ಪಾಲಿಗೆ ಅದು ಬರೀ ಐದು ಬೈಟ್. ಒಂದು ಬೈಟ್ ಆಪ್‌ಕೋಡ್ (ಏನು ಮಾಡಬೇಕೆಂಬ ಸಂಕೇತ), ಉಳಿದ ನಾಲ್ಕು ಬೈಟ್ ಎಷ್ಟು ದೂರ ಹಾರಬೇಕು ಎಂಬ ಲೆಕ್ಕ. ಆ ನಾಲ್ಕು ಬೈಟ್ ಒಂದು 64 ಬೈಟಿನ ಕ್ಯಾಶ್ ಲೈನ್‌ನ (ಸಿಪಿಯು ಕ್ಯಾಶ್‌ಗೆ ಒಟ್ಟಿಗೆ ತರುವ ತುಂಡಿನ) ಕೊನೆಯಲ್ಲಿ ಶುರುವಾಗಿ ಮುಂದಿನ ಲೈನ್‌ಗೆ ಚಾಚಿಕೊಂಡಿದ್ದರೆ, ನೀವು ಬರೆದದ್ದು ಬೇರೆ ಕೋರ್‌ಗೆ ಎರಡು ತುಂಡಾಗಿ ಕಾಣಬಹುದು. ಅರ್ಧ ಹಳೇ ದೂರ, ಅರ್ಧ ಹೊಸ ದೂರ. ಹಾರಿದರೆ ಎಲ್ಲಿಗೆ ಹೋಗಿ ಬೀಳುತ್ತದೋ ಗೊತ್ತಿಲ್ಲ.

ಶುರುವಿನಲ್ಲಿ ಮಾತ್ರ ಬೀಳುವುದಕ್ಕೂ ಕಾರಣ ಇದೇ. ಪ್ಯಾಚ್ ಮಾಡುವ ಕೆಲಸವೆಲ್ಲ ನಡೆಯುವುದು ಆಗಲೇ. ಕರೆಗಳೆಲ್ಲ ಪ್ಯಾಚ್ ಆದ ಮೇಲೆ ರೇಸ್‌ಗೆ ಅವಕಾಶವೇ ಇಲ್ಲ.

ಹೊಸಓದುಗ
ಒಂದು ಸಣ್ಣ ಪ್ರಶ್ನೆ. ಎರಡು ಥ್ರೆಡ್ ಒಟ್ಟಿಗೆ ಒಂದೇ ಫಂಕ್ಷನನ್ನು ಕಂಪೈಲ್ ಮಾಡಿದರೆ ಅದೂ ರೇಸ್ ಅಲ್ವಾ?

ಬೈಟ್‌ಲೆಕ್ಕ
ಹೌದು, ಆದರೆ ಅದರಿಂದ ಹಾನಿ ಕಡಿಮೆ. ಕಂಪೈಲರ್ ತನ್ನ ಒಳಗಿನ ಸ್ಥಿತಿಯನ್ನು ಹಂಚಿಕೊಳ್ಳದಿದ್ದರೆ ಎರಡು ಪ್ರತಿ ಹುಟ್ಟುತ್ತವೆ, ಒಂದು ವ್ಯರ್ಥ, ಅಷ್ಟೇ. ಉತ್ತರ ಎರಡರಲ್ಲೂ ಒಂದೇ. ಪ್ರಾಣ ತೆಗೆಯುವುದು ಎರಡನೇ ಹಂತ. ಸಿದ್ಧವಾದ ಕೋಡನ್ನು ಉಳಿದ ಥ್ರೆಡ್‌ಗಳಿಗೆ ತೋರಿಸುವ ಹಂತ.

ಕರ್ನಲ್‌ಕಟ್ಟೆ
ಪ್ರೋಗ್ರಾಂಗೆ ಲೈಬ್ರರಿಗಳನ್ನು ಜೋಡಿಸುವ ಡೈನಾಮಿಕ್ ಲಿಂಕರ್ ಇಷ್ಟು ವರ್ಷದಿಂದ ಲೇಝಿ ಬೈಂಡಿಂಗ್ (ಮೊದಲ ಕರೆ ಬಂದಾಗ ವಿಳಾಸ ಹುಡುಕುವುದು) ಮಾಡುತ್ತಿದೆ, ಥ್ರೆಡ್ ಇರುವ ಪ್ರೋಗ್ರಾಂಗಳಲ್ಲೇ. ಯಾಕೆ ಬೀಳುವುದಿಲ್ಲ? ಏಕೆಂದರೆ ಅದು ಕೋಡನ್ನು ಮುಟ್ಟುವುದೇ ಇಲ್ಲ. ಪಿಎಲ್‌ಟಿ ಎಂಬ ಕರೆಗಳ ಪಟ್ಟಿಯಲ್ಲಿರುವ ಜಂಪ್ ಇನ್‌ಸ್ಟ್ರಕ್ಷನ್ ಕೊನೆಯವರೆಗೂ ಹಾಗೇ ಇರುತ್ತದೆ. ಬದಲಾಗುವುದು ಜಿಒಟಿ ಎಂಬ ವಿಳಾಸಗಳ ಪಟ್ಟಿಯಲ್ಲಿರುವ ಒಂದು ಪಾಯಿಂಟರ್. ಎರಡು ಥ್ರೆಡ್ ಒಟ್ಟಿಗೆ ಬಂದರೆ ಎರಡೂ ಹುಡುಕುತ್ತವೆ, ಎರಡೂ ಅದೇ ವಿಳಾಸವನ್ನು ಬರೆಯುತ್ತವೆ.

ನೀವೂ ಹಾಗೇ ಮಾಡಿ. ಪ್ರತಿ ಫಂಕ್ಷನ್‌ಗೆ 8 ಬೈಟಿಗೆ ಹೊಂದಿಸಿದ ಒಂದು ಪಾಯಿಂಟರ್ ಜಾಗ ಇಡಿ. ಕರೆಗಳೆಲ್ಲ ಅದರ ಮೂಲಕವೇ ಹೋಗಲಿ. ಮೊದಲು ಅದು ಸ್ಟಬ್ ಕಡೆ ತೋರಿಸುತ್ತದೆ. ಕಂಪೈಲ್ ಮುಗಿದ ಮೇಲೆ ಒಂದೇ ಅಟಾಮಿಕ್ (ತುಂಡಾಗದ) ಬರಹ, ರಿಲೀಸ್ ಕ್ರಮದಲ್ಲಿ, ಅಂದರೆ ಅದಕ್ಕೂ ಮೊದಲು ಬರೆದದ್ದೆಲ್ಲ ಮೊದಲೇ ಕಾಣುವಂತೆ. ಓದುವವರಿಗೆ ಹಳೇ ವಿಳಾಸ ಸಿಗುತ್ತದೆ ಅಥವಾ ಹೊಸದು ಸಿಗುತ್ತದೆ. ಹಳೇದು ಸಿಕ್ಕವರು ಸ್ಟಬ್‌ಗೆ ಹೋಗಿ, ಈಗಾಗಲೇ ಸಿದ್ಧವಾಗಿದೆ ಅಂತ ನೋಡಿ ಮುಂದೆ ಹೋಗುತ್ತಾರೆ.

ಸ್ಟಬ್‌ಸಾಲು
ಪ್ರತಿ ಕರೆಗೂ ಒಂದು ಮೆಮೊರಿ ಓದು ಜಾಸ್ತಿ ಆಗುತ್ತದಲ್ಲ? ನಮ್ಮ ನಿಯಮಗಳು ಒಂದನ್ನೊಂದು ತುಂಬಾ ಕರೆಯುತ್ತವೆ.

ಕರ್ನಲ್‌ಕಟ್ಟೆ
ಆಗುತ್ತದೆ. ಆದರೆ ಆ ಪಾಯಿಂಟರ್ ಮತ್ತೆ ಮತ್ತೆ ಬಳಕೆಯಾಗುವುದರಿಂದ ಕ್ಯಾಶ್‌ನಲ್ಲೇ ಇರುತ್ತದೆ. ಗುರಿಯೂ ಬದಲಾಗುವುದಿಲ್ಲ, ಹಾಗಾಗಿ ಬ್ರಾಂಚ್ ಪ್ರಿಡಿಕ್ಟರ್ ಸರಿಯಾಗಿಯೇ ಊಹಿಸುತ್ತದೆ. ಅಳೆದು ನೋಡಿ, ಆಮೇಲೆ ಚಿಂತೆ ಮಾಡಿ. ಎಲ್‌ಎಲ್‌ವಿಎಂನ ಈಗಿನ ಆರ್ಕ್ ಜಿಟ್ ಕೂಡ ಲೇಝಿ ಕರೆಗಳಿಗೆ ಇದೇ ಥರದ ಇಂಡೈರೆಕ್ಟ್ ಸ್ಟಬ್ ಬಳಸುತ್ತದೆ.

ಹಳೆಕಂಪೈಲರ್
ಆರ್ಕ್ ಹೆಸರು ಬಂದದ್ದಕ್ಕೆ ಹೇಳುತ್ತೇನೆ. ಎಲ್‌ಎಲ್‌ವಿಎಂನ ಹಳೇ ಜಿಟ್ಟನ್ನು 3.6ರಲ್ಲಿ ತೆಗೆದುಹಾಕಿದರು. ಅದರ ಜಾಗಕ್ಕೆ ಬಂದ ಎಂಸಿಜಿಟ್ ಇಡೀ ಮಾಡ್ಯೂಲನ್ನೇ ಒಟ್ಟಿಗೆ ಕಂಪೈಲ್ ಮಾಡುತ್ತಿತ್ತು. ಲೇಝಿ ಮತ್ತೆ ಬಂದದ್ದು 2015ರಲ್ಲಿ, 3.7ರ ಜೊತೆ ಆರ್ಕ್ ಬಂದ ಮೇಲೆ. ಅದೂ ಇಡೀ ವಿನ್ಯಾಸ ಬದಲಾದ ಮೇಲೆ. ಲೇಝಿಯನ್ನು ಥ್ರೆಡ್‌ಗಳ ಜೊತೆ ಸರಿ ಮಾಡುವುದು ಅಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಸಣ್ಣ ತಂಡ ಒಂದು ವಾರದಲ್ಲಿ ಮಾಡಿ ಮುಗಿಸುವ ಕೆಲಸ ಇದಲ್ಲ. ಈಗರ್‌ನಲ್ಲಿ ಕೋಡ್ ಬರೆದು, ಪುಟಗಳನ್ನು ಓದು-ಓಡಿಸು ಮಾತ್ರ ಅಂತ ಮಾಡಿಟ್ಟರೆ ಆಮೇಲೆ ಅದನ್ನು ಯಾರೂ ತಿದ್ದುವುದಿಲ್ಲ. ತಿದ್ದದ ಕೋಡ್ ಮೇಲೆ ರೇಸ್ ಹೇಗೆ ಆಗುತ್ತದೆ ಹೇಳಿ.

ಧ್ವನಿಜಾಡು
ನಾನು ಈಗರ್ ಪರ, ಆದರೆ ಕಾರಣ ಬೇರೆ. ನಾನು ಆಡಿಯೋ ಪ್ಲಗಿನ್ ಬರೆಯುತ್ತೇನೆ. ಆಡಿಯೋ ಕಾಲ್‌ಬ್ಯಾಕ್‌ಗೆ ಸಿಗುವುದು ಕೆಲವೇ ಮಿಲಿಸೆಕೆಂಡ್. ಅದರ ಮಧ್ಯೆ ಮೊದಲ ಕರೆ ಬಂದು ಕಂಪೈಲರ್ ಎದ್ದರೆ, ಮೆಮೊರಿ ಕೇಳಿದರೆ, ಲಾಕ್‌ಗಾಗಿ ಕಾದರೆ ಕಟಕಟ ಸದ್ದು ಬರುತ್ತದೆ. ರೇಸ್ ಇಲ್ಲದ ಪರಿಪೂರ್ಣ ಲೇಝಿ ಜಿಟ್ ಕೊಟ್ಟರೂ ನನಗೆ ಬೇಡ. ಯಾವ ಥ್ರೆಡ್‌ನಲ್ಲಿ ಯಾವಾಗ ಹೊತ್ತು ಹಿಡಿಯುತ್ತದೆ ಅಂತ ಮೊದಲೇ ಗೊತ್ತಿರಬೇಕು.

ಜಾವಾಜಗಲಿ
ಇವೆರಡರ ನಡುವೆ ಒಂದು ಮೂರನೇ ದಾರಿ ಇದೆ. ಜಾವಾ ಓಡಿಸುವ ಹಾಟ್‌ಸ್ಪಾಟ್ ನೋಡಿ. ಮೊದಲ ಕರೆ ಬಂದಾಗ ಯಾರೂ ಕಂಪೈಲ್‌ಗಾಗಿ ಕಾಯುವುದಿಲ್ಲ. ಇಂಟರ್‌ಪ್ರಿಟರ್‌ನಲ್ಲಿ ಓಡುತ್ತದೆ. ಎಣಿಕೆ ಏರಿದ ಮೇಲೆ ಕೆಲಸ ಸರದಿಗೆ ಹೋಗುತ್ತದೆ, ಹಿನ್ನೆಲೆಯ ಕಂಪೈಲರ್ ಥ್ರೆಡ್ ಅದನ್ನು ಎತ್ತಿಕೊಳ್ಳುತ್ತದೆ. ಡೀಫಾಲ್ಟ್‌ನಲ್ಲಿ ಸುಮಾರು 200 ಕರೆಗೆ ಬೇಗ ಮುಗಿಸುವ ಸಿ1 ಕಂಪೈಲರ್, 5000ಕ್ಕೆ ಹೆಚ್ಚು ಆಪ್ಟಿಮೈಸ್ ಮಾಡುವ ಸಿ2. ಈ ಹಂತ ಹಂತದ ಕಂಪೈಲೇಶನ್ ಜಾವಾ 8ರಿಂದ, ಅಂದರೆ 2014ರಿಂದ, ಡೀಫಾಲ್ಟ್ ಆಗಿದೆ. ಕೋಡ್ ಸಿದ್ಧವಾಗುವವರೆಗೆ ಕರೆದ ಥ್ರೆಡ್ ಹಳೇ ದಾರಿಯಲ್ಲೇ ಓಡುತ್ತಿರುತ್ತದೆ.

ಕಾಲ್ ಪ್ಯಾಚ್ ಕೂಡ ಮಾಡುತ್ತದೆ. ಆದರೆ ಬೈಟ್‌ಲೆಕ್ಕ ಹೇಳಿದ ಆ ನಾಲ್ಕು ಬೈಟ್ ಹೊಂದಿಕೊಂಡು ಕೂರುವಂತೆ ಮೊದಲೇ ನೋಪ್ (ಏನೂ ಮಾಡದ ಇನ್‌ಸ್ಟ್ರಕ್ಷನ್) ತುಂಬಿ ಜಾಗ ಸರಿಮಾಡುತ್ತದೆ. ಆಗ ಆ ನಾಲ್ಕು ಬೈಟ್ ಕ್ಯಾಶ್ ಲೈನ್ ದಾಟುವುದಿಲ್ಲ.

ಹಳೆಕಂಪೈಲರ್ ಅವರೇ, ಈಗರ್ ಎಲ್ಲಾ ರೇಸ್‌ಗಳಿಗೂ ಮದ್ದಲ್ಲ. ಜಾವಾದಲ್ಲಿ ಎಕ್ಸ್‌ಕಾಂಪ್ ಆಯ್ಕೆ ಕೊಟ್ಟು ಮೊದಲ ಕರೆಗೇ ಕಂಪೈಲ್ ಮಾಡಿಸಿದರೂ ಕ್ಲಾಸ್ ಇನಿಶಿಯಲೈಸ್ ಆಗುವುದು ಮೊದಲ ಬಳಕೆಯಲ್ಲೇ. ಅದು ಭಾಷೆಯ ನಿಯಮ. ಒಂದು ಥ್ರೆಡ್ ಮೊದಲ ಕ್ಲಾಸಿನಿಂದ ಎರಡನೆಯದಕ್ಕೆ, ಇನ್ನೊಂದು ಥ್ರೆಡ್ ಎರಡನೆಯದರಿಂದ ಮೊದಲನೆಯದಕ್ಕೆ ಹೋದರೆ ಎರಡೂ ಅಲ್ಲೇ ನಿಂತುಬಿಡುತ್ತವೆ. ಥ್ರೆಡ್ ಡಂಪ್‌ನಲ್ಲಿ ರನ್ನೆಬಲ್ ಅಂತ ಕಾಣುತ್ತದೆ, ಜೊತೆಗೇ ಆಬ್ಜೆಕ್ಟ್ ವೇಟ್‌ನಲ್ಲಿದೆ ಅಂತಲೂ ಇರುತ್ತದೆ. ಮೊದಲ ಸಲ ನೋಡಿದವರು ತಲೆ ಕೆರೆದುಕೊಳ್ಳುತ್ತಾರೆ.

ಹಳೆಕಂಪೈಲರ್
ಅದು ಕ್ಲಾಸ್ ಇನಿಶಿಯಲೈಸ್ ಮಾಡುವ ವಿಷಯ, ಜಿಟ್ ವಿಷಯ ಅಲ್ಲ.

ಜಾವಾಜಗಲಿ
ಲೇಝಿಯಾಗಿ ನಡೆಯುವ ಕೆಲಸ ಯಾವ ಲಾಕ್ ಹಿಡಿದುಕೊಂಡು ನಡೆಯುತ್ತದೆ ಎಂಬುದೇ ವಿಷಯ. ಎರಡಕ್ಕೂ ಒಂದೇ ಪ್ರಶ್ನೆ.

ಡಾಟ್‌ನೆಟ್‌ದಾರಿ
ಡಾಟ್‌ನೆಟ್‌ನಲ್ಲಿ ಮೊದಲ ಕರೆಯಲ್ಲೇ ಕಂಪೈಲ್ ಆಗುತ್ತದೆ, ಇಂಟರ್‌ಪ್ರಿಟರ್ ಇಲ್ಲ. ಆದರೆ ಮೊದಲ ಸಲ ಬೇಗ ಮುಗಿಯುವ, ಆಪ್ಟಿಮೈಸ್ ಮಾಡದ ಕೋಡ್. 30 ಕರೆ ಆದ ಮೇಲೆ ಅದು ಹಿನ್ನೆಲೆಯಲ್ಲಿ ಮತ್ತೆ ಕಂಪೈಲ್ ಆಗಲು ಅರ್ಹ. 2019ರ ಡಾಟ್‌ನೆಟ್ ಕೋರ್ 3.0ರಿಂದ ಹೀಗಿದೆ. ಒಂದು ಮೆಥಡನ್ನು ಮೊದಲೇ ಸಿದ್ಧ ಮಾಡಬೇಕೆಂದರೆ ಪ್ರಿಪೇರ್‌ಮೆಥಡ್ ಕರೆಯಬಹುದು. ಹೊತ್ತು ಮುಖ್ಯವಾದ ಕೆಲವಕ್ಕೆ ಮಾತ್ರ ಈಗರ್, ಉಳಿದದ್ದೆಲ್ಲ ಲೇಝಿ. ಧ್ವನಿಜಾಡು ಅವರ ಸಮಸ್ಯೆಗೂ ಇದು ಹೊಂದುತ್ತದೆ.

ಆರ್ಮ್‌ಅಂಗಳ
ಎಲ್ಲರೂ ಎಕ್ಸ್86 ಲೆಕ್ಕದಲ್ಲೇ ಮಾತಾಡುತ್ತಿದ್ದೀರಿ. ಆರ್ಮ್ ಮೇಲೆ ಡೇಟಾ ಕ್ಯಾಶ್ ಮತ್ತು ಇನ್‌ಸ್ಟ್ರಕ್ಷನ್ ಕ್ಯಾಶ್ ತಾವಾಗಿ ಹೊಂದಿಕೊಳ್ಳುವುದಿಲ್ಲ. ಕೋಡ್ ಬರೆದ ಮೇಲೆ ಡೇಟಾ ಕ್ಯಾಶ್‌ನಿಂದ ಅದನ್ನು ಹೊರಗೆ ತಳ್ಳಬೇಕು, ಇನ್‌ಸ್ಟ್ರಕ್ಷನ್ ಕ್ಯಾಶ್‌ನ ಹಳೇ ಪ್ರತಿ ತೆಗೆಯಬೇಕು, ಆಮೇಲೆ ಪಾಯಿಂಟರ್ ಬರೆಯಬೇಕು. ಈ ಕ್ರಮ ತಪ್ಪಿದರೆ ಪಾಯಿಂಟರ್ ಸರಿಯಾಗಿದ್ದರೂ ಇನ್ನೊಂದು ಕೋರ್ ಆ ವಿಳಾಸದಲ್ಲಿ ಹಿಂದೆ ಇದ್ದ ಕಸವನ್ನು ಓಡಿಸಬಹುದು. ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಕ್ಲಿಯರ್ ಕ್ಯಾಶ್ ಅನ್ನುವ ಬಿಲ್ಟಿನ್ ಇದೆ. ಎಕ್ಸ್86ನಲ್ಲಿ ಅದು ಹೆಚ್ಚು ಕಡಿಮೆ ಏನೂ ಮಾಡುವುದಿಲ್ಲ, ಹಾಗಂತ ಬಿಡಬೇಡಿ.

ಬೇರೆ ಕೋರ್‌ಗಳು ಮೊದಲೇ ಎತ್ತಿಕೊಂಡ ಇನ್‌ಸ್ಟ್ರಕ್ಷನ್‌ಗಳನ್ನು ಬಿಟ್ಟು ಹೊಸದಾಗಿ ಓದುವಂತೆ ಮಾಡುವುದೂ ಇದೆ. ಲಿನಕ್ಸ್ 4.16ರಿಂದ ಮೆಂಬ್ಯಾರಿಯರ್ ಸಿಸ್ಟಂ ಕಾಲ್‌ನಲ್ಲಿ ಇದಕ್ಕೆಂದೇ ಸಿಂಕ್ ಕೋರ್ ಆಯ್ಕೆ ಇದೆ. ಬಳಸುವ ಮೊದಲು ಒಮ್ಮೆ ರಿಜಿಸ್ಟರ್ ಮಾಡಬೇಕು.

ಬೈಟ್‌ಲೆಕ್ಕ
ಒಳ್ಳೇ ಮಾತು. ಎಕ್ಸ್86 ಕೂಡ ಪೂರ್ತಿ ಸಡಿಲ ಅಲ್ಲ. ಈಗಾಗಲೇ ಓಡುತ್ತಿರುವ ಕೋಡನ್ನು ಇನ್ನೊಂದು ಕೋರ್ ತಿದ್ದಿದರೆ, ಓಡಿಸುವ ಕೋರ್ ಸೀರಿಯಲೈಸ್ ಮಾಡುವ (ಮೊದಲೇ ಎತ್ತಿಕೊಂಡದ್ದನ್ನು ಬಿಡಿಸುವ) ಇನ್‌ಸ್ಟ್ರಕ್ಷನ್ ಒಂದನ್ನು ಓಡಿಸಬೇಕು ಎಂದು ಇಂಟೆಲ್ ಕೈಪಿಡಿ ಹೇಳುತ್ತದೆ. ಲಿನಕ್ಸ್ ಕರ್ನಲ್ ತನ್ನ ಕೋಡನ್ನು ತಿದ್ದುವಾಗ ಮೊದಲು ಒಂದು ಬೈಟಿನ ಇಂಟ್3 (ಬ್ರೇಕ್‌ಪಾಯಿಂಟ್ ಇನ್‌ಸ್ಟ್ರಕ್ಷನ್) ಇಡುತ್ತದೆ, ಎಲ್ಲಾ ಕೋರ್‌ಗಳನ್ನು ಸಿಂಕ್ ಮಾಡುತ್ತದೆ, ಉಳಿದ ಬೈಟ್ ಬರೆಯುತ್ತದೆ, ಮತ್ತೆ ಸಿಂಕ್, ಕೊನೆಗೆ ಮೊದಲ ಬೈಟ್. ಅಷ್ಟು ಜಾಗ್ರತೆ ಬೇಕು. ಕರೆಯುವ ಜಾಗವನ್ನೇ ತಿದ್ದುವ ಆಸೆ ಬಿಡಿ ಅಂತ ನಾನು ಹೇಳುವುದು ಅದಕ್ಕೇ.

ಹೊಸಓದುಗ
ಇದನ್ನೆಲ್ಲ ರೇಸ್ ಹುಡುಕುವ ಥ್ರೆಡ್ ಸ್ಯಾನಿಟೈಸರ್ ಹಿಡಿಯುವುದಿಲ್ಲವಾ? ಸುಮ್ನೆ ಅದರಲ್ಲಿ ಓಡಿಸಿದರೆ ಗೊತ್ತಾಗಬೇಕಲ್ಲ.

ಕರ್ನಲ್‌ಕಟ್ಟೆ
ಹಿಡಿಯುವುದಿಲ್ಲ. ಅದು ಕಂಪೈಲ್ ಹೊತ್ತಿನಲ್ಲಿ ಪ್ರತಿ ಮೆಮೊರಿ ಓದು ಬರಹದ ಪಕ್ಕ ತನ್ನ ಕೋಡ್ ಸೇರಿಸುತ್ತದೆ. ಜಿಟ್ ಹುಟ್ಟಿಸಿದ ಕೋಡ್ ಅದರ ಕಣ್ಣಿಗೆ ಬೀಳುವುದಿಲ್ಲ. ಸಿಪಿಯು ಇನ್‌ಸ್ಟ್ರಕ್ಷನ್ ಎತ್ತಿಕೊಳ್ಳುವುದನ್ನು ಅದು ಓದು ಎಂದು ಎಣಿಸುವುದೂ ಇಲ್ಲ. ಸಮಸ್ಯೆಯನ್ನು ಬೇಗ ತೋರಿಸಬೇಕೆಂದರೆ, ಆ ಕಾಲ್ ಇನ್‌ಸ್ಟ್ರಕ್ಷನ್ ಬೇಕೆಂದೇ 64 ಬೈಟಿನ ಗಡಿಯ ಮೇಲೆ ಬೀಳುವಂತೆ ಜೋಡಿಸಿ. ಒಂದು ಥ್ರೆಡ್ ಎರಡು ಗುರಿಗಳ ನಡುವೆ ಪ್ಯಾಚ್ ಮಾಡುತ್ತಲೇ ಇರಲಿ, ಇನ್ನೊಂದು ಕರೆಯುತ್ತಲೇ ಇರಲಿ.

ಸ್ಟಬ್‌ಸಾಲು ಅವರೇ, ಒಂದು ಕೇಳಬೇಕಿತ್ತು. ಪ್ಯಾಚ್ ಮಾಡುವಾಗ ಪುಟದ ಅನುಮತಿ ಬದಲಿಸುತ್ತೀರಾ? ಕ್ರ್ಯಾಶ್‌ನ ಸಿಗ್ನಲ್ ಕೋಡ್ ಏನು ಬರುತ್ತಿದೆ? ಮ್ಯಾಪ್‌ಎರರ್ ಆದರೆ ಇಲ್ಲದ ವಿಳಾಸ, ಅಂದರೆ ಹಾರುವ ದೂರ ಕೆಟ್ಟಿದೆ. ಎಸಿಸಿಎರರ್ ಆದರೆ ವಿಳಾಸ ಇದೆ, ಅನುಮತಿ ಇಲ್ಲ.

ಸ್ಟಬ್‌ಸಾಲು
ಈಗ ಕೋರ್ ಫೈಲ್‌ಗಳನ್ನು (ಕ್ರ್ಯಾಶ್ ಆದಾಗ ಉಳಿಯುವ ಮೆಮೊರಿ ಪ್ರತಿ) ತೆರೆದು ನೋಡಿದೆ. ಎರಡೂ ಇವೆ! ಆದರೆ ಬಹುಪಾಲು ಎಸಿಸಿಎರರ್. ಹೌದು, ಎಂಪ್ರೊಟೆಕ್ಟ್ ಕರೆದು ಪುಟವನ್ನು ಬರೆಯುವಂತೆ ಮಾಡುತ್ತೇವೆ, ತಿದ್ದುತ್ತೇವೆ, ಮತ್ತೆ ಓಡಿಸುವಂತೆ ಮಾಡುತ್ತೇವೆ. ಭದ್ರತೆಯ ನಿಯಮ ಹಾಗಿದೆ. ಒಂದೇ ಪುಟ ಒಟ್ಟಿಗೆ ಬರೆಯಲೂ ಓಡಿಸಲೂ ತೆರೆದಿರಬಾರದು.

ಕರ್ನಲ್‌ಕಟ್ಟೆ
ಸಿಕ್ಕಿತು ನೋಡಿ. ಎಂಪ್ರೊಟೆಕ್ಟ್ ಇಡೀ ಪ್ರಾಸೆಸ್‌ಗೆ ಅನ್ವಯಿಸುತ್ತದೆ, ನಿಮ್ಮ ಥ್ರೆಡ್‌ಗೆ ಮಾತ್ರ ಅಲ್ಲ. ನೀವು ಆ 4096 ಬೈಟಿನ ಪುಟವನ್ನು ಬರೆಯಲು ತೆರೆದ ಆ ಚೂರು ಹೊತ್ತಿನಲ್ಲಿ, ಅದೇ ಪುಟದಲ್ಲಿ ಓಡುತ್ತಿದ್ದ ಉಳಿದ ಥ್ರೆಡ್‌ಗಳೆಲ್ಲ ಓಡಿಸುವ ಅನುಮತಿ ಕಳೆದುಕೊಳ್ಳುತ್ತವೆ. ಅವು ಓಡಿಸುತ್ತಿದ್ದ ಫಂಕ್ಷನ್‌ಗೂ ನೀವು ತಿದ್ದುತ್ತಿದ್ದ ಫಂಕ್ಷನ್‌ಗೂ ಸಂಬಂಧವೇ ಇರಬೇಕಿಲ್ಲ. ಪುಟ ಒಂದೇ ಆದರೆ ಸಾಕು.

ಪರಿಹಾರ: ಮೆಮ್‌ಎಫ್‌ಡಿ ಕ್ರಿಯೇಟ್ ಬಳಸಿ ಒಂದೇ ಮೆಮೊರಿಯನ್ನು ಎರಡು ವಿಳಾಸಗಳಲ್ಲಿ ಮ್ಯಾಪ್ ಮಾಡಿ. ಒಂದು ಬರೆಯಲು, ಇನ್ನೊಂದು ಓಡಿಸಲು. ಅನುಮತಿ ಬದಲಿಸುವ ಗೋಜೇ ಇರುವುದಿಲ್ಲ.

ಡಾಟ್‌ನೆಟ್‌ದಾರಿ
ಡಾಟ್‌ನೆಟ್ ಕೂಡ ಇದನ್ನೇ ಮಾಡುತ್ತದೆ. 6ರಲ್ಲಿ ಆಯ್ಕೆಯಾಗಿ ಬಂತು, 7ರಲ್ಲಿ ಡೀಫಾಲ್ಟ್ ಆಯಿತು. ಆಪಲ್ ಸಿಲಿಕಾನ್‌ನಲ್ಲಿ ಬೇರೆ ರೀತಿ. ಅಲ್ಲಿ ಬರೆಯುವ ಅನುಮತಿ ಥ್ರೆಡ್‌ಗೊಂದರಂತೆ ಬದಲಾಗುತ್ತದೆ. ಒಬ್ಬರು ಬರೆಯುವಾಗ ಉಳಿದವರು ಅದೇ ಪುಟದಲ್ಲಿ ನಿಶ್ಚಿಂತೆಯಿಂದ ಓಡಬಹುದು.

ಹಳೆಕಂಪೈಲರ್
ಎರಡು ಬೇರೆ ಬೇರೆ ರೇಸ್ ಒಂದೇ ಕ್ರ್ಯಾಶ್‌ನ ಹೆಸರಿನಲ್ಲಿ ಅಡಗಿದ್ದವು. ಮೂರನೆಯದು ಇಲ್ಲ ಅಂತ ಯಾರು ಹೇಳುತ್ತಾರೆ? ನಾನು ಇನ್ನೂ ಈಗರ್ ಪರವೇ. ಶುರುವಿನ ಹೊತ್ತು ಕಷ್ಟವಾದರೆ ಕಂಪೈಲ್ ಕೆಲಸವನ್ನು ಹಲವು ಥ್ರೆಡ್‌ಗಳಿಗೆ ಹಂಚಿ. ಎಲ್‌ಎಲ್‌ವಿಎಂ ಬಳಸುವವರಿಗೆ ಒಂದು ಎಚ್ಚರಿಕೆ: ಒಂದು ಕಾಂಟೆಕ್ಸ್ಟ್‌ನ ಐಆರ್ (ಮಧ್ಯಂತರ ಕೋಡ್) ಅನ್ನು ಒಂದು ಹೊತ್ತಿಗೆ ಒಂದೇ ಥ್ರೆಡ್ ಮುಟ್ಟಬೇಕು. ಒಟ್ಟಿಗೆ ಕಂಪೈಲ್ ಆಗಬೇಕೆಂದರೆ ಪ್ರತಿ ಮಾಡ್ಯೂಲ್‌ಗೂ ಬೇರೆ ಕಾಂಟೆಕ್ಸ್ಟ್ ಕೊಡಿ. ಇಲ್ಲದಿದ್ದರೆ ಎಷ್ಟು ಥ್ರೆಡ್ ಕೊಟ್ಟರೂ ಸಾಲಾಗಿ ನಿಂತು ಕಾಯುತ್ತವೆ.

ಟೇಬಲ್‌ಮನೆ
ಡೇಟಾಬೇಸ್ ಕಡೆಯಿಂದ ಒಂದು ಮಾತು. ಪೋಸ್ಟ್‌ಗ್ರೆಸ್‌ಗೆ ಎಲ್‌ಎಲ್‌ವಿಎಂ ಜಿಟ್ 2018ರಲ್ಲಿ, 11ನೇ ಆವೃತ್ತಿಯಲ್ಲಿ ಬಂತು. ಅಲ್ಲಿ ಪ್ರತಿ ಕನೆಕ್ಷನ್ನೂ ಒಂದು ಪ್ರಾಸೆಸ್. ಹಾಗಾಗಿ ಇಲ್ಲಿ ಹೇಳಿದ ರೇಸ್ ಯಾವುದೂ ಹುಟ್ಟುವುದಿಲ್ಲ. ಬದಲಿಗೆ ಬೇರೆ ಬೆಲೆ ತೆರಬೇಕು. ಒಂದೇ ಕ್ವೆರಿಗೆ ಹಲವು ಪ್ಯಾರಲಲ್ ವರ್ಕರ್ ಇದ್ದರೆ ಪ್ರತಿಯೊಂದೂ ತನ್ನ ಪ್ರತಿಯನ್ನು ತಾನೇ ಕಂಪೈಲ್ ಮಾಡುತ್ತದೆ. ಅದಕ್ಕೇ ಅಂದಾಜು ವೆಚ್ಚ ಒಂದು ಲಕ್ಷ ದಾಟಿದ ಕ್ವೆರಿಗೆ ಮಾತ್ರ ಜಿಟ್ ಅಂತ ಮಿತಿ ಇದೆ.

ಹೊಸಓದುಗ
ಆ ಮಿತಿಯನ್ನು ಬದಲಿಸಬಹುದಾ?

ಟೇಬಲ್‌ಮನೆ
ಬದಲಿಸಬಹುದು. ಸೆಟ್ಟಿಂಗ್ ಹೆಸರು ಜಿಟ್ ಎಬೋವ್ ಕಾಸ್ಟ್. ಸಣ್ಣ ಕ್ವೆರಿಗಳೇ ಜಾಸ್ತಿ ಇದ್ದರೆ ಕೆಲವರು ಜಿಟ್ಟನ್ನೇ ಆಫ್ ಮಾಡುತ್ತಾರೆ.

ಜಾವಾಜಗಲಿ
ಮತ್ತೆ ವಿಷಯಕ್ಕೆ ಬರೋಣ. ಸ್ಟಬ್‌ಸಾಲು ಅವರೇ, ಸ್ಟಬ್‌ನಲ್ಲಿ ಲಾಕ್ ಹಿಡಿದು ಕಂಪೈಲ್ ಮಾಡುವಾಗ ನಿಮ್ಮ ಕಂಪೈಲರ್ ಹೊರಗಿನ ಕೋಡನ್ನು ಕರೆಯುತ್ತದಾ? ಹೆಸರು ಹುಡುಕಲು, ಸಂರಚನೆ ಓದಲು, ಯಾವುದಕ್ಕಾದರೂ? ಒಂದು ಥ್ರೆಡ್ ಅಪ್ಲಿಕೇಶನ್ ಲಾಕ್ ಹಿಡಿದು ನಿಯಮವನ್ನು ಮೊದಲ ಸಲ ಕರೆಯಿತು ಅಂದುಕೊಳ್ಳಿ. ಈಗ ಅದಕ್ಕೆ ಜಿಟ್ ಲಾಕ್ ಬೇಕು. ಇನ್ನೊಂದು ಥ್ರೆಡ್ ಜಿಟ್ ಲಾಕ್ ಹಿಡಿದುಕೊಂಡು ಹೆಸರು ಹುಡುಕಲು ಆ ಅಪ್ಲಿಕೇಶನ್ ಲಾಕನ್ನೇ ಕೇಳಿತು. ಇಬ್ಬರೂ ಅಲ್ಲೇ. ಲೇಝಿಯಲ್ಲಿ ಯಾವ ಸಾಮಾನ್ಯ ಫಂಕ್ಷನ್ ಕರೆಯೂ ಗುಟ್ಟಾಗಿ ಲಾಕ್ ಹಿಡಿಯಬಹುದು, ಕೋಡ್ ಓದಿದರೆ ಕಾಣುವುದಿಲ್ಲ. ಜಿಟ್ ಲಾಕನ್ನು ಪಟ್ಟಿ ನೋಡಲು ಮಾತ್ರ ಹಿಡಿಯಿರಿ. ಫಂಕ್ಷನ್‌ಗೆ "ಕಂಪೈಲ್ ಆಗುತ್ತಿದೆ" ಅಂತ ಗುರುತು ಹಾಕಿ ಲಾಕ್ ಬಿಡಿ, ಕಂಪೈಲ್ ಮಾಡಿ, ಮತ್ತೆ ಹಿಡಿದು ಗುರುತು ಬದಲಿಸಿ.

ಸ್ಟಬ್‌ಸಾಲು
ಹೆಸರು ಹುಡುಕುವಾಗ ನಮ್ಮ ನಿಯಮಪಟ್ಟಿಯ ಲಾಕ್ ಹಿಡಿಯುತ್ತೇವೆ. ಹಾಗಾದರೆ ಇದೂ ಸರಿಪಡಿಸಬೇಕು. ಪಾಯಿಂಟರ್ ಜಾಗ ಮತ್ತು ಎರಡು ಮ್ಯಾಪಿಂಗ್ ಎರಡನ್ನೂ ಹಾಕಿ ಓಡಿಸುತ್ತಿದ್ದೇನೆ, ಹಿಂದೆ ಬೇಗ ಬೀಳುತ್ತಿದ್ದ ಪರೀಕ್ಷೆ ಈಗ ನಿಂತಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಇನ್ನೊಂದು ಪ್ರಶ್ನೆ. ಬಳಕೆದಾರರು ನಿಯಮ ಬದಲಿಸಿದಾಗ ಹೊಸ ಕೋಡ್ ಮಾಡಿ ಪಾಯಿಂಟರ್ ಬದಲಿಸುತ್ತೇವೆ. ಹಳೇ ಕೋಡ್‌ನ ಮೆಮೊರಿ ಯಾವಾಗ ಬಿಡಬಹುದು?

ಬೈಟ್‌ಲೆಕ್ಕ
ಪಾಯಿಂಟರ್ ಬದಲಿಸಿದ ಕೂಡಲೇ ಅಂತೂ ಬಿಡಬೇಡಿ. ಹಳೇ ಪಾಯಿಂಟರ್ ಓದಿಕೊಂಡು ಇನ್ನೂ ಹಾರದ ಥ್ರೆಡ್ ಇರಬಹುದು, ಹಳೇ ಕೋಡ್ ಒಳಗೇ ಓಡುತ್ತಿರುವ ಥ್ರೆಡ್ ಇರಬಹುದು, ಹಳೇ ಫಂಕ್ಷನ್ ಇನ್ಯಾರನ್ನೋ ಕರೆದು ವಾಪಸ್ ಬರಲು ಕಾಯುತ್ತಿರಬಹುದು. ಸ್ಟ್ಯಾಕ್ ಮೇಲೆ ಆ ವಿಳಾಸ ಕೂತಿರುತ್ತದೆ. ಹಾಟ್‌ಸ್ಪಾಟ್ ಮೊದಲು ಹಳೇ ಕೋಡ್‌ಗೆ ಹೊಸದಾಗಿ ಯಾರೂ ಒಳಗೆ ಬರದಂತೆ ಗುರುತು ಹಾಕುತ್ತದೆ. ಯಾವ ಥ್ರೆಡ್‌ನ ಸ್ಟ್ಯಾಕ್‌ನಲ್ಲೂ ಅದು ಇಲ್ಲ ಅಂತ ಖಚಿತವಾದ ಮೇಲೆ ಮೆಮೊರಿ ವಾಪಸ್ ಪಡೆಯುತ್ತದೆ.

ನಿಮ್ಮ ಎಂಜಿನ್‌ನಲ್ಲಿ ಇದಕ್ಕಿಂತ ಸುಲಭ. ಪ್ರತಿ ವರ್ಕರ್ ಒಂದು ವಿನಂತಿ ಮುಗಿಸಿ ಇನ್ನೊಂದು ಎತ್ತಿಕೊಳ್ಳುವ ಮೊದಲು ಯಾವ ನಿಯಮದ ಒಳಗೂ ಇರುವುದಿಲ್ಲ. ಅಲ್ಲಿ ಒಂದು ಎಣಿಕೆ ಏರಿಸಲಿ. ಪಾಯಿಂಟರ್ ಬದಲಾದ ಮೇಲೆ ಎಲ್ಲಾ ವರ್ಕರ್‌ಗಳೂ ಒಮ್ಮೆ ಆ ಜಾಗ ದಾಟಿದರೆ ಹಳೇ ಕೋಡ್ ಬಿಡಬಹುದು. ಕೆಲಸ ಇಲ್ಲದೆ ಮಲಗಿರುವ ವರ್ಕರನ್ನು ದಾಟಿದವರ ಲೆಕ್ಕಕ್ಕೇ ಸೇರಿಸಿ, ಇಲ್ಲದಿದ್ದರೆ ಮೆಮೊರಿ ಎಂದೂ ವಾಪಸ್ ಬರುವುದಿಲ್ಲ.

ಧ್ವನಿಜಾಡು
ಕಂಪೈಲ್ ವಿಫಲವಾದರೆ ಏನು ಮಾಡುತ್ತೀರಿ ಅಂತ ಯಾರೂ ಕೇಳಲಿಲ್ಲ. ಈಗರ್‌ನಲ್ಲಿ ಶುರುವಿನಲ್ಲೇ ಗೊತ್ತಾಗುತ್ತದೆ. ಲೇಝಿಯಲ್ಲಿ ಯಾವುದೋ ವರ್ಕರ್ ಮಧ್ಯದಲ್ಲಿ ಎಡವುತ್ತದೆ, ಅದೇ ಗುರುತಿನ ಮೇಲೆ ಕಾಯುತ್ತಿದ್ದ ಉಳಿದವರು ಎಂದೂ ಏಳುವುದಿಲ್ಲ.

ಕರ್ನಲ್‌ಕಟ್ಟೆ
ಸರಿಯಾದ ಪ್ರಶ್ನೆ. "ವಿಫಲ" ಅನ್ನುವುದೂ ಒಂದು ಸ್ಥಿತಿಯಾಗಿರಬೇಕು. ಪಾಯಿಂಟರನ್ನು ದೋಷ ಹೇಳುವ ಒಂದು ಸಣ್ಣ ಫಂಕ್ಷನ್ ಕಡೆ ತಿರುಗಿಸಿ, ಕಾಯುತ್ತಿದ್ದ ಎಲ್ಲರನ್ನೂ ಎಬ್ಬಿಸಿ. ಇಲ್ಲದಿದ್ದರೆ ಬರುವ ಪ್ರತಿ ಥ್ರೆಡ್ಡೂ ಮತ್ತೆ ಕಂಪೈಲ್ ಮಾಡಲು ಹೋಗಿ ಮತ್ತೆ ವಿಫಲವಾಗುತ್ತದೆ. ವ್ಯಾಕರಣ ಮತ್ತು ಟೈಪ್ ಪರೀಕ್ಷೆಯನ್ನು ಮಾತ್ರ ನಿಯಮ ಸೇರಿಸುವಾಗಲೇ ಮುಗಿಸಿ, ಮೆಷಿನ್ ಕೋಡ್ ಹುಟ್ಟಿಸುವುದನ್ನು ಲೇಝಿ ಇಡಿ. ಆಗ ಓಡುವಾಗ ವಿಫಲವಾಗಲು ಉಳಿಯುವುದು ಮೆಮೊರಿ ಸಾಲದ ಸಂದರ್ಭದಂಥ ಒಂದೆರಡು ಕಾರಣ ಮಾತ್ರ.